ಅಕ್ಕೋರ ಜೇನು, ಅತ್ತೆಯ ಕೋಣೆ

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಪುಣೆಯ ನಮ್ಮ ಹಳೆಯ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ. "ನಮ್ಮ ಹಿರಿಯ ಸದಸ್ಯೆ, ನಿವೃತ್ತ ಗಣಿತ ಪ್ರಾಧ್ಯಾಪಕಿ, ಜೇನು ಸಾಕಣೆಯಲ್ಲಿ ಹೆಸರಾದವರು, ಇಂದು ದೇವರ ಪಾದ ಸೇರಿದರು" ಎಂದು ಚೇರ್ಮನ್ನರು ಮರಾಠಿಯಲ್ಲಿ ಬರೆದಿದ್ದರು. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಅಕ್ಕೋರು ಕಲಿಸಿದ್ದು ಪ್ರಾಣಿಶಾಸ್ತ್ರ. ಜೇನನ್ನು ಅವರು ಎಂದೂ ಸಾಕಿದವರಲ್ಲ, ಯಾರಾದರೂ ಹಾಗಂದರೆ ಉರಿದು ಬೀಳುತ್ತಿದ್ದರು. ದೇವರ ಪಾದದ ಬಗ್ಗೆ ಅವರಿಗಿದ್ದ ಅಭಿಪ್ರಾಯವನ್ನು ಇಂಥ ಹೊತ್ತಿನಲ್ಲಿ ಹೇಳುವುದು ಬೇಡ. ಹಿರಿಯ ಸದಸ್ಯೆ ಎಂಬುದೊಂದು ಮಾತ್ರ ನಿಜ, ಅದನ್ನೂ ಅವರು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಇಷ್ಟು ತಪ್ಪುಗಳನ್ನು ಒಟ್ಟಿಗೆ ಕಂಡೂ ಸುಮ್ಮನಿರುವುದು ಅವರಿಗೆ ಸತ್ತ ಮೇಲಷ್ಟೇ ಸಾಧ್ಯವಾಯಿತು.

ತಿದ್ದುವುದು ಅವರ ಉಸಿರಾಟವಾಗಿತ್ತು. ಮೂವತ್ತು ಚಿಲ್ಲರೆ ವರ್ಷ ಕಾಲೇಜಿನ ಮಕ್ಕಳ ಉತ್ತರಪತ್ರಿಕೆ ತಿದ್ದಿ ನಿವೃತ್ತರಾದ ಮೇಲೆ ಉಳಿದ ಜಗತ್ತನ್ನು ತಿದ್ದಲು ಕೂತಿದ್ದರು. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿದ್ದರು. ಯಾರಾದರೂ ತಪ್ಪು ಮಾತಾಡಿದರೆ ಮೊದಲು ಆ ಪೆನ್ಸಿಲ್ ಹೊರಗೆ ಬರುತ್ತಿತ್ತು, ಆಮೇಲೆ ಮಾತು. ಗಣೇಶ ಚೌತಿಯ ಪೂಜೆಗೆ ಬಂದ ಭಟ್ಟರು ಗಣಪತಿಯ ವಾಹನ ಹೆಗ್ಗಣವೋ ಇಲಿಯೋ ಎಂಬ ವಿಷಯದಲ್ಲಿ ಆ ಪೆನ್ಸಿಲ್ಲಿಗೆ ಸಿಕ್ಕಿ ಆರತಿಯನ್ನೇ ಮರೆತಿದ್ದರು. ನನ್ನ ಮಗಳು ಪುಟ್ಟಿ ಶಾಲೆಗೆಂದು ಬಿಡಿಸಿದ ಚಿಟ್ಟೆಗೆ ನಾಲ್ಕೇ ಕಾಲು ಇದ್ದದ್ದನ್ನು ಅವರು ಲಿಫ್ಟಿನಲ್ಲಿ ಕಂಡುಹಿಡಿದರು. ಲಿಫ್ಟು ನೆಲಮಹಡಿ ಮುಟ್ಟುವಷ್ಟರಲ್ಲಿ ಉಳಿದೆರಡು ಕಾಲು ಬಂದಿದ್ದವು. ಪುಟ್ಟಿ ಅತ್ತಳು. "ಅಳೂದಕ್ಕ ಏನದ ಇದರಾಗ? ಕಾಲಿಲ್ದ ಅಳಬೇಕಾದ್ದು ಅದು" ಎಂದು ಚಿಟ್ಟೆಯನ್ನು ತೋರಿಸಿದ್ದರು.

ಧಾರವಾಡದ ಕಡೆಯವರು. ಓದಲು ಪುಣೆಗೆ ಬಂದು ಇಲ್ಲೇ ಉಳಿದವರು. ಮದುವೆಯಾಗಲಿಲ್ಲ. ಕತ್ತಿನಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಸಣ್ಣ ಭೂತಗನ್ನಡಿ ತೂಗುತ್ತಿತ್ತು. ಸೆರಗಿನ ಮರೆಯಲ್ಲಿ ಕರಿದಾರವಷ್ಟೇ ಕಾಣುತ್ತಿದ್ದುದರಿಂದ ನಮ್ಮ ಬಡಾವಣೆ ಕೋಥರೂಡದ ತರಕಾರಿ ಮಾರುವವರೆಲ್ಲ ಅದನ್ನು ಮಂಗಳಸೂತ್ರ ಅಂದುಕೊಂಡು, ಸಾಹೇಬರು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಸೊಸೈಟಿಯ ಮರಾಠಿ ಮಂದಿಗೆ ಅವರು ಮ್ಯಾಡಮ್. ನನ್ನ ಅತ್ತೆ ಮಾತ್ರ ವಿಜಯಪುರದ ಕಡೆ ಟೀಚರನ್ನು ಕರೆಯುವಂತೆ ಅಕ್ಕೋರು ಅನ್ನುತ್ತಿದ್ದರು, ಅದೇ ನಮ್ಮ ಮನೆಯಲ್ಲಿ ಉಳಿಯಿತು.

ನಾನು ತುಮಕೂರಿನವಳು. ಕೆಲಸದ ಮೇಲೆ ಪುಣೆಗೆ ಬಂದು, ಇಲ್ಲೇ ನೆಲೆಸಿದ್ದ ವಿಜಯಪುರದ ಕಡೆಯ ಹುಡುಗನನ್ನು ಮದುವೆಯಾಗಿ, ಒಂದು ಕೋಣೆ, ಒಂದು ಹಾಲ್, ಒಂದು ಅಡುಗೆಮನೆಯ ಫ್ಲ್ಯಾಟಿಗೆ ಸೇರಿದೆ. ಗಂಡ ಪಿಂಪ್ರಿ-ಚಿಂಚವಾಡದ ಕಾರ್ಖಾನೆಯಲ್ಲಿ, ಪಾಳಿಯ ಕೆಲಸ. ಮಾವ ತೀರಿಕೊಂಡಿದ್ದರು, ಫ್ಲ್ಯಾಟು ಅತ್ತೆಯ ಹೆಸರಿನಲ್ಲಿತ್ತು. ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದಾಗ ನನ್ನ ಆಫೀಸು ಫ್ರಿಜ್ಜಿಗೂ ಗ್ಯಾಸ್ ಕಟ್ಟೆಗೂ ನಡುವೆ ಶುರುವಾಯಿತು. ಅಮೆರಿಕದ ಕ್ಲೈಂಟಿನ ಜೊತೆ ಮಾತಾಡುವಾಗ ನನ್ನ ಹಿಂದೆ ಕುಕ್ಕರು ಕೂಗುತ್ತಿತ್ತು. ಒಮ್ಮೆ ಅವನು, ನಿಮ್ಮ ಮನೆ ರೈಲ್ವೆ ಸ್ಟೇಷನ್ನಿನ ಹತ್ತಿರವೇ ಎಂದು ಕೇಳಿದ. ಹೌದು ಅಂದೆ.

ಅಕ್ಕೋರನ್ನು ಮೊದಲು ಕಂಡದ್ದು ಟೆರೇಸಿನ ಮೇಲೆ. ಬಟ್ಟೆ ಹಾಕಲು ಹೋದವಳು ನೋಡಿದರೆ, ನೀರಿನ ಟಾಂಕಿಯ ಗೋಡೆಗೆ ಮರದ ತುಂಡುಗಳನ್ನು ತೂಗುಹಾಕಿದ್ದಾರೆ, ಪ್ರತಿಯೊಂದರ ಮೈತುಂಬ ತೂತು. ಕೆಲವು ತೂತಿನೊಳಗೆ ಕರಿಯ ಸಣ್ಣ ಜೇನುಗಳು ಹೋಗಿ ಬಂದು ಮಾಡುತ್ತಿವೆ. ಕೆಲವಕ್ಕೆ ಮಣ್ಣು ಮೆತ್ತಿ ಬಾಗಿಲು ಮುಚ್ಚಿದೆ. ಅದರೆದುರು ಸ್ಟೂಲು ಹಾಕಿಕೊಂಡು ಒಬ್ಬರು ಹೆಂಗಸು, ಭೂತಗನ್ನಡಿ ಹಿಡಿದು, ಉಸಿರೂ ಆಡದೆ ಕೂತಿದ್ದಾರೆ.

"ಜೇನುತುಪ್ಪ ಸಿಗುತ್ತಾ ಆಂಟಿ?" ಅಂದೆ.

ಪೆನ್ಸಿಲ್ ಹೊರಬಂತು. "ಆಂಟಿ ಅಲ್ಲ. ತುಪ್ಪಾನೂ ಇಲ್ಲ."

ಆಮೇಲೆ ಪಾಠ ನಡೆಯಿತು. ಇವು ಒಂಟಿ ಜೇನು. ತೋಟಗಳಲ್ಲಿ ಕಾಯಿ ಕಚ್ಚುವಂತೆ ಮಾಡುವುದು ಇವೇ, ಆದರೆ ತುಪ್ಪ ಮಾಡುವುದಿಲ್ಲ ಎಂದು ಇವನ್ನು ಕೇಳುವವರಿಲ್ಲ. "ಇವಕ್ಕ ರಾಣಿ ಇಲ್ಲ, ಆಳಿಲ್ಲ, ಸೊಸೈಟಿ ಇಲ್ಲ. ಅದಕ್ಕ ಮೀಟಿಂಗೂ ಇಲ್ಲ. ಒಬ್ಬಾಕಿ ತಾಯಿ, ಒಂದು ತೂತು. ತಾನ ಹುಡುಕತಾಳ, ತಾನ ಹೂವಿನ ಹಿಟ್ಟು ತಂದು ಉಂಡಿ ಕಟ್ಟತಾಳ, ಉಂಡಿ ಮ್ಯಾಲೆ ಒಂದ ತತ್ತಿ ಇಡತಾಳ, ಗ್ವಾಡಿ ಎಬ್ಬಸತಾಳ, ಮತ್ತೊಂದ ಕೋಣಿ ಕಟ್ಟತಾಳ. ಕೊನೀಗೆ ಬಾಗಲಾ ಮುಚ್ಚಿ ಹೋಗತಾಳ."

"ಗಂಡು ಏನ್ ಮಾಡುತ್ತೆ ಮೇಡಂ?"

"ಹೂವಿನ ಹತ್ರ ತಿರಗತದ."

ನಾನು ನಕ್ಕೆ. ಅವರು ನಗಲಿಲ್ಲ. "ನಗಬ್ಯಾಡ್ರಿ. ಹುಳಾನ ಮನಷ್ಯಾರಂಗ ನೋಡಬಾರ್ದು. ಬೇಕಾದ್ರ ಮನಷ್ಯಾರನ್ನ ಹುಳದಂಗ ನೋಡ್ರಿ, ಅದಕ್ಕ ಅಡ್ಡಿ ಇಲ್ಲ." ಇದು ಅವರ ಬದುಕಿನ ಸೂತ್ರ. ಎಷ್ಟು ಸಲ ಕೇಳಿದ್ದೇನೆಂದರೆ ಈಗಲೂ ಮೀಟಿಂಗಿನಲ್ಲಿ ಮ್ಯಾನೇಜರನ ಮುಖ ನೋಡುವಾಗ ನೆನಪಾಗುತ್ತದೆ.

ಸೊಸೈಟಿಯ ಹಿತ್ತಿಲಲ್ಲಿ ಮೊದಲ ತಲೆಮಾರಿನ ಸದಸ್ಯರು ನೆಟ್ಟ ಒಂದಿಷ್ಟು ದಾಳಿಂಬೆ, ಪೇರಲ, ನುಗ್ಗೆ ಮರಗಳಿದ್ದವು. ಪಾರ್ಕಿಂಗಿಗೆ ಬಲಿಯಾಗದೆ ಉಳಿದ ಆ ಜಾಗವನ್ನು ಅಕ್ಕೋರು ತೋಟ ಎಂದೇ ಕರೆಯುತ್ತಿದ್ದರು. ಅವರ ಜೇನುಗಳು ಮೇಯುತ್ತಿದ್ದುದು ಅಲ್ಲೇ. ದಾಳಿಂಬೆ ಹಣ್ಣಾದಾಗ ಪ್ರತಿ ಮನೆಗೂ ಅಕ್ಕೋರೇ ತಂದು ಕೊಡುತ್ತಿದ್ದರು, ಹಣ್ಣಿನ ಜೊತೆ ಅದು ಹಣ್ಣಾದ ಬಗೆಯ ವಿವರಣೆಯನ್ನೂ. ಜನ ಹಣ್ಣು ತೆಗೆದುಕೊಂಡು ಒಳಗೆ ಕುಕ್ಕರು ಇಟ್ಟಿದೆ ಅನ್ನುತ್ತಿದ್ದರು.

ಅವರಿಗೆ ಸೊಸೈಟಿಯಲ್ಲಿ ಹೆಸರು ಬಂದದ್ದು ಟೆರೇಸಿನ ಬೀಗದಿಂದ. ಒಂದು ದಿನ ಚೇರ್ಮನ್ನರ ಹೆಂಡತಿ ಹಪ್ಪಳ ಒಣಹಾಕಲು ಹೋದರೆ ಬೀಗದ ಕೈ ಒಳಗೇ ಹೋಗಲಿಲ್ಲ. ಕೀಲಿಯ ತೂತಿಗೆ ಒಂದು ತಾಯಿಜೇನು ಮಣ್ಣು ಮೆತ್ತಿತ್ತು. ಚೇರ್ಮನ್ನರು ಮೊಳೆ ಹಿಡಿದು ಬಂದರು. ಅಕ್ಕೋರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಳಗಿನ ಮರಿಗಳು ತಾವಾಗಿ ಹೊರಬರುವವರೆಗೆ ಬೀಗ ಮುಟ್ಟಕೂಡದು ಎಂದರು. ನಿಮ್ಮ ಹೆಂಡತಿಯ ಹೆರಿಗೆಯ ದಿನ ಯಾರಾದರೂ ಮೊಳೆ ಹಿಡಿದು ಬಂದಿದ್ದರೇ ಎಂದು ಚೇರ್ಮನ್ನರನ್ನು ಮರಾಠಿಯಲ್ಲಿ ಕೇಳಿದರು. ಹುಳವನ್ನು ಮನುಷ್ಯರಂತೆ ನೋಡಬಾರದು ಎಂಬ ಸೂತ್ರ ಅಂದು ಎಲ್ಲಿಗೆ ಹೋಗಿತ್ತೋ ಕೇಳುವ ಧೈರ್ಯ ನನಗಿರಲಿಲ್ಲ. ಆ ಬೇಸಿಗೆ ಇಡೀ ಸೊಸೈಟಿಯ ಹಪ್ಪಳ ಸಂಡಿಗೆ ಬಾಲ್ಕನಿಯಲ್ಲೇ ಒಣಗಿತು.

ಬೀಗದೆದುರು ನಿಂತವರಿಗೆ ಅಕ್ಕೋರು ಒಂದು ಮಾತು ಹೇಳಿದ್ದರು. ತೂತು ಸಣ್ಣದು, ಆಳವೂ ಇಲ್ಲ, ಆದ್ದರಿಂದ ಒಳಗಿರುವುದೆಲ್ಲ ಗಂಡೇ. ಕೆಲವು ವಾರಗಳಾದ ಮೇಲೆ ಮಣ್ಣು ಒಡೆದುಕೊಂಡು ಜೇನುಗಳು ಒಂದೊಂದಾಗಿ ಬಂದವು. ಅಕ್ಕೋರು ಭೂತಗನ್ನಡಿ ಕೊಟ್ಟು ಎಲ್ಲರಿಗೂ ತೋರಿಸಿದರು, ಮುಖದ ಮೇಲೆ ಬಿಳಿ ಮೀಸೆಯಂಥ ಕೂದಲು, ಅದೇ ಗಂಡಿನ ಗುರುತು. ಎಲ್ಲವೂ ಗಂಡು. ಅಂದಿನಿಂದ ಮ್ಯಾಡಮ್ಮರಿಗೆ ಗಂಡು ಹೆಣ್ಣು ಮೊದಲೇ ಗೊತ್ತಾಗುತ್ತದೆ ಎಂಬ ಮಾತು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿತು. ಯಾವ ಮಾತನ್ನು ಹೇಳುವುದಿಲ್ಲ ಎಂದು ಊರಿನ ಎಲ್ಲ ಸ್ಕ್ಯಾನಿಂಗ್ ಸೆಂಟರಿನವರೂ ಗೋಡೆಗೆ ಬೋರ್ಡು ಹಾಕುತ್ತಾರೋ, ಅದನ್ನು ಮೂರನೆಯ ಮಹಡಿಯ ಮೇಲೊಬ್ಬರು ಬಿಟ್ಟಿ ಹೇಳುತ್ತಾರಂತೆ. ನಮ್ಮವರಿಗೆ ಇಷ್ಟು ಸಾಕು.

ಈಗ ಸಂಕ್ರಾಂತಿಯ ವಿಷಯಕ್ಕೆ ಬರುತ್ತೇನೆ. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಅರಿಶಿನ ಕುಂಕುಮ. ಮುತ್ತೈದೆಯರನ್ನು ಕರೆದು ಎಳ್ಳುಂಡೆ ಕೊಟ್ಟು, ಜೊತೆಗೊಂದು ಉಡುಗೊರೆ ಕೊಡುತ್ತಾರೆ. ಅದಕ್ಕೆ ವಾಣ ಅನ್ನುತ್ತಾರೆ. ಪ್ಲಾಸ್ಟಿಕ್ ಡಬ್ಬಿ, ಸ್ಟೀಲಿನ ಬಟ್ಟಲು, ಚಹಾ ಸೋಸುವ ಜರಡಿ. ನಮ್ಮ ಮನೆಯಲ್ಲಿ ಇಡೀ ಕೋಥರೂಡಕ್ಕೆ ಚಹಾ ಸೋಸುವಷ್ಟು ಜರಡಿಗಳಿವೆ. ಅತ್ತೆಗೆ ಈ ಕರೆ ಬರುತ್ತಿರಲಿಲ್ಲ. ಮಾವ ಹೋದ ಮೇಲೆ ಆ ದಿನಗಳಲ್ಲಿ ಅವರು ಮನೆಯಲ್ಲೇ ಕೂತು, ಬೇರೆಯವರು ಮೆಟ್ಟಿಲು ಹತ್ತಿ ಇಳಿಯುವ ಬಳೆಯ ಸದ್ದು ಕೇಳಿಸಬಾರದೆಂದು ಟಿವಿ ಜೋರು ಮಾಡುತ್ತಿದ್ದರು. ಅಕ್ಕೋರಿಗೂ ಯಾರೂ ಕರೆಯುತ್ತಿರಲಿಲ್ಲ, ಅವರಿಗೆ ಮದುವೆಯೇ ಆಗಿರಲಿಲ್ಲವಲ್ಲ.

ಆ ವರ್ಷ ಅಕ್ಕೋರು ತಾವೇ ಟೆರೇಸಿನ ಮೇಲೆ ಅರಿಶಿನ ಕುಂಕುಮ ಇಟ್ಟುಕೊಂಡರು. ಪ್ರತಿ ಬಾಗಿಲಿಗೂ ಬಂದು ಕರೆದರು. ನಮ್ಮ ಬಾಗಿಲಲ್ಲಿ ನಿಂತು ಅತ್ತೆಗೆ ಹೇಳಿದ್ದು ಇಷ್ಟು: "ಬರ್ರಿ. ಗಂಡ ಇದ್ದವ್ರು, ಇಲ್ಲದವ್ರು, ಇದ್ದೂ ಇಲ್ಲದವ್ರು, ಎಲ್ಲಾರೂ ಬರ್ರಿ." ಅತ್ತೆ ಕಪಾಟಿನ ತಳದಿಂದ ಇಳಕಲ್ ಸೀರೆ ತೆಗೆದರು. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ನೆರಿಗೆ ಸರಿಮಾಡಿಕೊಂಡರು. ಅಕ್ಕೋರು ಅವರ ಹಣೆಗೆ ಕುಂಕುಮ ಹಚ್ಚಿದಾಗ ಚೇರ್ಮನ್ನರ ಹೆಂಡತಿ ಆಕಾಶ ನೋಡಿದರು. ಅಂದಿನಿಂದ ನನ್ನ ಅತ್ತೆಗೆ ಅಕ್ಕೋರ ಮಾತೆಂದರೆ ವೇದವಾಕ್ಯ. ತೊಂದರೆ ಶುರುವಾದದ್ದೇ ಅಲ್ಲಿಂದ.

ವಾಣ ಏನು ಗೊತ್ತೇ? ಅಂಗೈ ಅಗಲದ ಮರದ ತುಂಡು, ತೂತು ಕೊರೆದದ್ದು. ಕೆಲವು ತುಂಡುಗಳಲ್ಲಿ ಪೆನ್ಸಿಲಿನಷ್ಟು ದಪ್ಪದ ತೂತು, ಕೆಲವದರಲ್ಲಿ ಪೆನ್ನಿನ ರೀಫಿಲ್ಲಿಗಿಂತ ಚೂರೇ ದಪ್ಪ. ನಿಮ್ಮ ನಿಮ್ಮ ಬಾಲ್ಕನಿಯಲ್ಲಿ ಕಟ್ಟಿ, ಎರಡೂ ಬಗೆ ಸಮಸಮ ಇರಲಿ, ಯಾವುದರಲ್ಲಿ ಎಷ್ಟು ಮರಿಯಾಗುತ್ತವೆ ನೋಡೋಣ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎದುರಿಗೆ ಅಷ್ಟು ಜನ ಕೂತಿರುವಾಗ ಪಾಠ ಮಾಡದೆ ಇರಲು ಅವರಿಂದಾಗುತ್ತಿತ್ತೇ?

"ಹೆಣ್ಣು ಮೈಯಾಗ ದೊಡ್ಡದು, ಅದಕ್ಕ ದೊಡ್ಡ ಕೋಣಿ ಬೇಕು, ದೊಡ್ಡ ಉಂಡಿ ಬೇಕು. ಅಗಲ ತೂತು ಸಿಕ್ರ ತಾಯಿ ಹೆಣ್ಣ ಇಡತಾಳ. ಸಣ್ಣ ತೂತು ಸಿಕ್ರ, ಹೋಗ್ಲಿ ಬಿಡು, ಗಂಡಿಗಾದ್ರ ಇಷ್ಟ ಸಾಕು ಅಂತ ಗಂಡ ಇಡತಾಳ. ಏನು ಇಡಬೇಕು ಅನ್ನೂದು ತಾಯಿ ಕೈಯಾಗ ಅದ. ಫಲ ಆಗದ ತತ್ತಿಯಿಂದ ಗಂಡ ಹುಟ್ಟತದ, ಅದಕ್ಕ ಗಂಡಿಗೆ ಅಪ್ಪನ ಇರಂಗಿಲ್ಲ." ಇದನ್ನೇ ಮರಾಠಿಯಲ್ಲೂ ಹೇಳಿದರು. ಅಪ್ಪನಿಲ್ಲದ ಗಂಡು ಎಂದಾಗ ಚೇರ್ಮನ್ನರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಉಳಿದವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರ ಕಿವಿಯಲ್ಲಿ ನಿಂತದ್ದು ಒಂದೇ, ಸಣ್ಣ ತೂತಿಗೆ ಗಂಡು.

ಹಂಚುವ ಹೊತ್ತಿಗೆ ಸಣ್ಣ ತೂತಿನ ತುಂಡುಗಳಿಗೆ ನೂಕುನುಗ್ಗಲು. "ನನಗ ಸಣ್ಣದ ಕೊಡ್ರಿ ಅಕ್ಕೋರ" ಎಂದು ಅತ್ತೆ ಎಲ್ಲರಿಗಿಂತ ಮುಂದೆ ನಿಂತಿದ್ದರು. ಅಗಲ ತೂತಿನದು ಸಿಕ್ಕವರು ಮರುದಿನ ಬದಲಾಯಿಸಿ ಕೊಡಿ ಎಂದು ಬಂದರು. ಅಕ್ಕೋರು ಒಪ್ಪದಿದ್ದಾಗ ಕೆಲವರು ಬಡಗಿಯ ಹತ್ತಿರ ಹೋಗಿ ತಾವೇ ಸಣ್ಣ ತೂತು ಕೊರೆಸಿಕೊಂಡರು. ಮದುವೆಯಾದ ಮಗಳಿಗೊಂದು, ತಳೇಗಾಂವದಲ್ಲಿರುವ ಸೊಸೆಗೊಂದು. ವಾರದೊಳಗೆ ನಮ್ಮ ಸೊಸೈಟಿಯ ಪ್ರತಿ ಬಾಲ್ಕನಿಯಲ್ಲೂ ಗಂಡುಸಂತಾನದ ಮರದ ತುಂಡು ತೂಗುತ್ತಿತ್ತು, ಕೆಲವಕ್ಕೆ ಅರಿಶಿನ ಕುಂಕುಮವನ್ನೂ ಹಚ್ಚಿದ್ದರು.

ಇದು ಬರಿಯ ತಮಾಷೆಯಾಗಿ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಗಂಡ ಪಕ್ಕದ ಗಲ್ಲಿಯಲ್ಲೇ ಎರಡು ಕೋಣೆಯ ಫ್ಲ್ಯಾಟು ನೋಡಿದ್ದ. ಹಳೆಯದನ್ನು ಮಾರಿದರೆ ಅದು ಕೈಗೆಟುಕುತ್ತಿತ್ತು. ಅತ್ತೆ ಒಪ್ಪಿಯೂ ಇದ್ದರು. ನಾನು ಮನಸ್ಸಿನಲ್ಲೇ ಮೇಜು ಹಾಕಿದ್ದೆ, ಬಾಗಿಲಿಗೆ ಚಿಲಕ ಹಾಕಿದ್ದೆ. ಬಾಗಿಲು ಮುಚ್ಚಬಹುದಾದ ಒಂದು ಕೋಣೆಗಿಂತ ದೊಡ್ಡ ಆಸೆ ಆಗ ನನಗೆ ಬೇರೆ ಇರಲಿಲ್ಲ. ಅರಿಶಿನ ಕುಂಕುಮ ಮುಗಿದ ಸಂಜೆ ಅತ್ತೆ ಊಟಕ್ಕೆ ಕೂತು ಹೇಳಿದರು, "ಮನಿ ಬದಲಿ ಮಾಡೂದು ಬ್ಯಾಡ. ಮೊದಲ ಗಂಡಕೂಸು ಆಗಲಿ. ದೊಡ್ಡ ಮನಿಗೆ ಹ್ವಾದ್ರ ಮತ್ತ ಹೆಣ್ಣ ಆಗತದ."

ನನ್ನ ಗಂಡ ತುತ್ತು ಹಿಡಿದು ನನ್ನ ಮುಖ ನೋಡಿದ.

"ಅತ್ತೆ, ಅದು ಹುಳದ ವಿಷಯ" ಅಂದೆ.

"ನಂಗೊತ್ತದ. ಆದ್ರ ನೀನ ಲೆಕ್ಕಾ ಹಾಕಿ ನೋಡವಾ. ಇಂವ ಹುಟ್ಟಿದ್ದು ವಿಜಯಪುರದಾಗ, ಇದಕ್ಕಿಂತ ಸಣ್ಣ ಮನಿಯಾಗ. ನಿಮ್ಮ ತುಮಕೂರ ಮನಿ ಎಷ್ಟ ದೊಡ್ಡದದ? ಅದಕ್ಕ ನೀವು ಮೂರೂ ಹೆಣ್ಣ."

"ಮತ್ತೆ ಪುಟ್ಟಿ ಆಗಿದ್ದು ನಾವು ಇದೇ ಸಣ್ಣ ಮನೇಲಿದ್ದಾಗ ಅಲ್ವಾ?"

"ಆಕಿ ನಿಮ್ಮ ಮನಿಯಾಗ ಹುಟ್ಟಿದ್ದು. ಬಾಣಂತನಕ್ಕ ಹೋಗಿದ್ದಿಲ್ಲೇನು?"

ಇಂಜಿನಿಯರಿಂಗ್ ಓದಿದವಳು ನಾನು, ವಾದದಲ್ಲಿ ಸೋತೆ. ಇನ್ನೊಂದು ಮಗು ಬೇಡವೆಂದು ನಾನೂ ನನ್ನ ಗಂಡನೂ ಎಂದೋ ತೀರ್ಮಾನಿಸಿದ್ದೆವು. ಅದನ್ನು ಅತ್ತೆಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಬಾರದ ಮೊಮ್ಮಗನಿಗಾಗಿ ಕಾಯುತ್ತ ನಾವೆಲ್ಲ ಆ ಒಂದೇ ಕೋಣೆಯಲ್ಲಿ ಉಳಿಯಬೇಕಾಯಿತು.

ಮರುದಿನ ಮೇಲೆ ಹೋಗಿ ಅಕ್ಕೋರ ಮುಂದೆ ಕೂಗಾಡಿದೆ. "ನಿಮ್ಮ ಲೆಕ್ಚರಿಂದ ನನ್ನ ರೂಮು ಹೋಯ್ತು ಮೇಡಂ" ಅಂದೆ. ಅವರು ಬೆಚ್ಚಿಬಿದ್ದರು. ತಮ್ಮ ಪಾಠವನ್ನು ಯಾರಾದರೂ ಜೀವನದಲ್ಲಿ ಅಳವಡಿಸಿಕೊಂಡದ್ದು ಅದೇ ಮೊದಲು ಅನ್ನಿಸುತ್ತದೆ. ಪೆನ್ಸಿಲ್ ಕೈಯಲ್ಲೇ ಹಿಡಿದು ಇಳಿದು ಬಂದರು. ಅತ್ತೆಯೆದುರು ಕೂತು, ಹುಳ ಬೇರೆ, ಮನುಷ್ಯ ಬೇರೆ, ಮನುಷ್ಯರಲ್ಲಿ ಗಂಡು ಹೆಣ್ಣು ಆಗುವುದು ಅಪ್ಪನ ಕಡೆಯಿಂದ, ಮನೆಯ ಅಳತೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಹಳ ಹೊತ್ತು ಹೇಳಿದರು. ಅತ್ತೆ ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಪ್ರತಿ ಮಾತಿಗೂ "ಹೌದ್ರಿ, ಖರೇರಿ" ಅಂದರು. ಅಕ್ಕೋರು ಗೆದ್ದೆನೆಂದು ಎದ್ದು ಹೋದರು.

"ಭಾಳ ಶಾಣ್ಯಾರು" ಎಂದರು ಅತ್ತೆ ಬಾಗಿಲು ಹಾಕುತ್ತ. "ಆದ್ರ ಮದಿವಿ ಆಗಿಲ್ಲಲ್ಲ, ಇಂಥಾದ್ದನ್ನ ಬಾಯಿಬಿಟ್ಟು ಒಪ್ಪಲಿಕ್ಕೆ ಪಾಪ ಆಕಿಗೆ ನಾಚಿಕಿ."

ಪಕ್ಕದ ಗಲ್ಲಿಯ ಫ್ಲ್ಯಾಟನ್ನು ಬೇರೆ ಯಾರೋ ಕೊಂಡರು. ಅವರ ಹೊಸ ಪರದೆಗಳು ನಮ್ಮ ಬಾಲ್ಕನಿಯಿಂದ ಕಾಣುತ್ತಿದ್ದವು. ನಾನು ಫ್ರಿಜ್ಜಿನ ಪಕ್ಕ ಕೂತು ಕೋಡು ಬರೆಯುತ್ತಲೇ ಇದ್ದೆ. ನಮ್ಮ ಬಾಲ್ಕನಿಯ ಸಣ್ಣ ತೂತಿನ ತುಂಡಿಗೆ ಅತ್ತೆ ದಿನಾ ಬೆಳಿಗ್ಗೆ ಊದಿನಕಡ್ಡಿ ತೋರಿಸುತ್ತಿದ್ದರು. ಹೊಗೆಗೆ ಒಂದು ಜೇನೂ ಹತ್ತಿರ ಸುಳಿಯಲಿಲ್ಲ. ಬೇರೆ ಬಾಲ್ಕನಿಗಳ ಸಣ್ಣ ತೂತುಗಳಿಗೆ ಮಾತ್ರ ಒಂದೊಂದಾಗಿ ಮಣ್ಣಿನ ಬಾಗಿಲು ಬಿದ್ದವು.

ಮುಂದಿನ ಸಂಕ್ರಾಂತಿಗೆ ಅಕ್ಕೋರು ಮತ್ತೆ ಎಲ್ಲರನ್ನೂ ಟೆರೇಸಿಗೆ ಕರೆದರು. ಈ ಸಲ ವಾಣ ಇರಲಿಲ್ಲ. ಕೊಟ್ಟ ತುಂಡುಗಳನ್ನು ತನ್ನಿ ಎಂದಿದ್ದರು. ತಂದವುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಹೊಸದಾಗಿ ಬಾಗಿಲು ಮುಚ್ಚಿದ ತೂತುಗಳನ್ನು ಹುಡುಕಬೇಕಾಗಿತ್ತು, ಅಷ್ಟು ಕಡಿಮೆ. ನೀರಿನ ಟಾಂಕಿಯ ಗೋಡೆಯಲ್ಲೂ ಹಾಗೇ. ಟೆರೇಸಿನ ಅಂಚಿನಿಂದ ಹಿತ್ತಿಲು ಕಾಣುತ್ತಿತ್ತು. ದಾಳಿಂಬೆ ಗಿಡದ ಸುತ್ತ ಒಂದಿಷ್ಟು ಜೇನುಗಳು ಸುತ್ತುತ್ತಿದ್ದವು, ಹೂವಿನಿಂದ ಹೂವಿಗೆ, ಮತ್ತೆ ಅದೇ ಹೂವಿಗೆ. ಆ ವರ್ಷ ಹಣ್ಣೂ ಅಷ್ಟಕ್ಕಷ್ಟೇ ಆಗಿತ್ತು, ಅಕ್ಕೋರು ಯಾರ ಮನೆಗೂ ಕೊಡಲು ಬಂದಿರಲಿಲ್ಲ.

"ಯಾಕ್ರಿ ಅಕ್ಕೋರ, ಈ ಸಲ ಗೂಡ ಕಟ್ಟಿಲ್ಲ?" ಎಂದು ಕೇಳಿದವರು ನನ್ನ ಅತ್ತೆ.

"ಅಲ್ಲಿ ತಿರಗತಾವಲ್ಲ, ಅವೆಲ್ಲಾ ಗಂಡ. ಕಟ್ಟಾಕಿ ಹೆಣ್ಣು. ಹೋದ ವರ್ಷ ಇಡೀ ಸೊಸೈಟಿ ಕೂಡಿ ಗಂಡ ಬೇಕಂದ್ರಿ. ಬಂದ್ವು. ಇನ್ನ ಕಟ್ಟವ್ರು ಯಾರು?"

ಅಕ್ಕೋರೇ ಪೆನ್ಸಿಲ್ ತೆಗೆದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. "ಹಂಗಂತ ಇದನ್ನ ನಿಯಮ ಮಾಡಬ್ಯಾಡ್ರಿ ಮತ್ತ. ಮಳಿನೂ ಹೆಚ್ಚಾಗಿತ್ತು. ಒಂದ ವರ್ಷ ನೋಡಿ ಏನೂ ಹೇಳಲಿಕ್ಕೆ ಬರಂಗಿಲ್ಲ." ಮಾತು ಖಚಿತವಾಗಿತ್ತು, ದನಿ ಮಾತ್ರ ಸರಿಯಿರಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನಾನು ಮೊದಲು ನೋಡಿದ್ದು ಅಂದು. ತಮ್ಮ ಬಾಯಿಂದಲೇ ತಮ್ಮ ಜೇನುಗಳಿಗೆ ಕುತ್ತು ಬಂತು ಎಂದು ಅವರಿಗೆ ಅನ್ನಿಸಿರಬೇಕು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕುಕ್ಕರು ಇಟ್ಟು ಬಂದಿದ್ದರಂತೆ.

ಅತ್ತೆ ಮಾತ್ರ ಏಳಲಿಲ್ಲ. "ಒಳಗ ಹ್ಯಾಂಗಿರತದ ತೋರಸ್ರಿ" ಅಂದರು. ಅಕ್ಕೋರು ತಮ್ಮ ಕೋಣೆಯಿಂದ ಅಗಲ ತೂತಿನ ಒಂದು ಹಳೆಯ ತುಂಡು ತಂದರು, ಮರಿಗಳೆಲ್ಲ ಹಾರಿಹೋದದ್ದು. ಅದು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಮಣ್ಣಿನ ಗೋಡೆಗಳು, ಒಂದರ ಹಿಂದೆ ಒಂದು ಕೋಣೆ, ರೈಲಿನ ಡಬ್ಬಿಗಳ ಹಾಗೆ. ಕಟ್ಟಕಡೆಯ ಒಳಗಿನ ಕೋಣೆಗಳು ದೊಡ್ಡವು, ಬಾಗಿಲ ಹತ್ತಿರದವು ಚಿಕ್ಕವು.

"ಒಳಗಿನವು ಯಾರವು?"

"ಹೆಣ್ಣಮಕ್ಕಳವು. ಮೊದಲ ಅವನ್ನ ಒಳಗ ಇಡತಾಳ, ದೊಡ್ಡ ಉಂಡಿ ಕಟ್ಟಿ. ಆಮ್ಯಾಲೆ ಮುಂದ ಬಾಗಲದ ಹತ್ರ ಗಂಡ."

"ಹಂಗ್ಯಾಕ?"

"ಹಕ್ಕಿ ಬಂದು ಕುಕ್ಕಿತು, ಕಳ್ಳ ಹುಳ ಹೊಕ್ಕಿತು ಅಂದ್ರ ಮೊದಲ ಹೋಗೂವು ಬಾಗಲದಾಗಿನವು. ಮತ್ತ ಗಂಡು ಮೊದಲ ಹೊರಗ ಬರಬೇಕು, ಅದಕ್ಕೂ ಇರಬಹುದು."

ಅತ್ತೆ ಆ ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಳಗಿನ ಕೋಣೆಗೆ ಕಿರುಬೆರಳಿನ ಉಗುರು ಹಾಕಿ ನೋಡಿದರು. ಮನೆಗೆ ಬಂದು ಬಾಲ್ಕನಿಯ ಮರದ ತುಂಡನ್ನು ಬಿಚ್ಚಿದರು. ಪಾಳಿ ಮುಗಿಸಿ ಬಂದ ಮಗನಿಗೆ, ಅವನು ಬೂಟು ಬಿಚ್ಚುವ ಮೊದಲೇ ಹೇಳಿದರು, "ಎರಡ ಕೋಣಿ ಮನಿ ನೋಡು."

ಮನೆ ಸಿಕ್ಕಿತು, ಅದೇ ಕೋಥರೂಡದಲ್ಲಿ, ಬಸ್‌ಸ್ಟಾಪಿಗೆ ಹತ್ತಿರ. ಸಾಮಾನು ಇಳಿದ ದಿನ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಾಗ ಹಂಚಿದರು. ಕಟ್ಟಕಡೆಯ ದೊಡ್ಡ ಕೋಣೆ, ಬೇವಿನ ಮರದ ಕಿಟಕಿ ಇರುವುದು, ಪುಟ್ಟಿಗೆ. ಹಗಲು ಆಕೆ ಶಾಲೆಗೆ ಹೋದಾಗ ನಾನು ಅಲ್ಲಿ ಕೂತು ಕೆಲಸ ಮಾಡಬಹುದು. ನಡುವಿನ ಕೋಣೆ ಅತ್ತೆಗೂ ನನಗೂ. ನನ್ನ ಗಂಡನಿಗೆ ಹಾಲ್‌ನಲ್ಲಿ, ಮುಂಬಾಗಿಲ ಪಕ್ಕ, ದಿವಾನಿನ ಮೇಲೆ. ಅವನು, ಅವ್ವಾ ಇದೇನು ಅಂದ. "ಗಂಡಸು ಬಾಗಲದ ಹತ್ರ ಇರಬೇಕು. ಕಳ್ಳರು ಬಂದ್ರ ಮೊದಲ ನೀ ಸಿಗಲಿ" ಅಂದರು. ಅಂದಿನಿಂದ ಹಾಲಿನ ಕೆನೆ ಪುಟ್ಟಿಯ ಲೋಟಕ್ಕೆ, ತೆಳುಹಾಲು ಅವಳಪ್ಪನ ಚಹಾಕ್ಕೆ. ಎರಡನೆಯ ಮಗುವಿನ ಮಾತು ಆ ಮನೆಯಲ್ಲಿ ಏಳಲೇ ಇಲ್ಲ. ಹಾಸಿಗೆಗಳನ್ನು ಹಾಗೆ ಹಾಕಿದ ಮೇಲೆ ಏಳುವುದಾದರೂ ಹೇಗೆ?

ವಾಸ್ತುಶಾಂತಿಗೆ ಅಕ್ಕೋರು ಬಂದರು. ತೀರ್ಥ ಬೇಡವೆಂದರು, ಹೋಳಿಗೆಗೆ ಬೇಡವೆನ್ನಲಿಲ್ಲ. ಊಟವಾದ ಮೇಲೆ ಅತ್ತೆ ಅವರ ಕೈ ಹಿಡಿದು ಮನೆ ತೋರಿಸಿದರು. ಮೊದಲು ದಿವಾನು, ಆಮೇಲೆ ನಡುವಿನ ಕೋಣೆ, ಕೊನೆಗೆ ಒಳಗಿನದು. ಅಲ್ಲಿ ಹೊಸ ಮೇಜಿನ ಮುಂದೆ ಪುಟ್ಟಿ ಕೂತು ಏನೋ ಚಿತ್ರ ಬಿಡಿಸುತ್ತಿದ್ದಳು. ಅಕ್ಕೋರನ್ನು ಕಂಡ ಕೂಡಲೇ ಹಾಳೆಯನ್ನು ಅಂಗಿಯೊಳಗೆ ಮುಚ್ಚಿಟ್ಟಳು.

"ನೀವ್ ಹೇಳಿದಂಗ ಮಾಡೀನ್ರಿ ಅಕ್ಕೋರ" ಎಂದರು ಅತ್ತೆ, ಹೆಮ್ಮೆಯಿಂದ. "ಹೆಣ್ಣ ಒಳಗ, ಗಂಡ ಬಾಗಲದಾಗ. ಜೇನಿನಂಗ."

ಪೆನ್ಸಿಲ್ ಹೊರಬಂತು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನು ಅಕ್ಕೋರು ಹುಳ ಬೇರೆ ಮನುಷ್ಯ ಬೇರೆ ಅನ್ನುತ್ತಾರೆ, ಅತ್ತೆ ಹೌದ್ರಿ ಅನ್ನುತ್ತಾರೆ, ಈ ಸಲ ನಿಜವಾಗಿಯೂ ನಂಬಿಬಿಟ್ಟರೆ ಕೋಣೆ ಮತ್ತೆ ಕೈತಪ್ಪುತ್ತದೆ ಅಂದುಕೊಂಡೆ.

"ಇದು ತಪ್ಪ ನೋಡ್ರಿ" ಎಂದು ಅಕ್ಕೋರು ಶುರುಮಾಡಿದರು. "ಹುಳಾನ ಮನಷ್ಯಾರಂಗ..."

ಅತ್ತೆಗೆ ಅದು ಕೇಳಿಸಲಿಲ್ಲ. ಅವರು ಪುಟ್ಟಿಯ ಹಾಸಿಗೆಯ ಮೇಲೆ ಕೂತು ಹೊದಿಕೆ ಸರಿಮಾಡುತ್ತಿದ್ದರು. "ನಮ್ಮ ಮನ್ಯಾಗ ಒಳಗಿನ ಕೋಣಿ ಅಣ್ಣಂದಿತ್ರಿ" ಅಂದರು, ತಲೆ ಎತ್ತದೆ. "ನಾವು ಹೆಣ್ಣಮಕ್ಕಳು ಪಡಸಾಲ್ಯಾಗ, ಬಾಗಲದ ಸಂದಿಯಾಗ ಮಲಗತಿದ್ವಿ. ಥಂಡಿ ಗಾಳಿ ಬರೂದು. ಹೊರಗ ಯಾರರ ನಡದ್ರ ನಂಗ ಎಚ್ಚರ ಆಗೂದು. ಲಗ್ನ ಆಗೂತನಾ ಒಂದ ದಿನಾನೂ ಪೂರಾ ನಿದ್ದಿ ಮಾಡಿಲ್ಲ ನಾ."

ಅಕ್ಕೋರು ಬಾಯಿ ತೆರೆದೇ ನಿಂತಿದ್ದರು. ಅವರು ಅತ್ತೆಯನ್ನು ನೋಡಿದರು, ಮೇಜನ್ನು ನೋಡಿದರು, ಚಿಲಕವನ್ನು ನೋಡಿದರು. ಆಮೇಲೆ ನಿಧಾನವಾಗಿ ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿದರು.

"ಇರಲಿ ಬಿಡ್ರಿ" ಅಂದರು.

ಅವರು ತಿದ್ದದೆ ಬಿಟ್ಟ ತಪ್ಪು ನಾನು ಕಂಡಂತೆ ಅದೊಂದೇ. ಇದನ್ನು ಬರೆಯುವ ಹೊತ್ತಿಗೆ ನನ್ನ ಮಗಳು ಆ ತಪ್ಪಿನೊಳಗೇ ಚಿಲಕ ಹಾಕಿಕೊಂಡು ಓದುತ್ತಿದ್ದಾಳೆ.